ಯಾವ ಟ್ಯಾಂಕು ತರಬೇಕೆಂದರೆ

ಯಲ್ದೂರು
೧೨-೬-೧೯೭೨

ಅಣ್ಣನಿಗೆ ಶ್ಯಾಮಲಳ ನಮಸ್ಕಾರ.

ಯುದ್ಧದಲ್ಲಿ ಟ್ಯಾಂಕು ಓಡಿಸಿ ಬಂದಮೇಲೆ ಇವರು ಮಾತು ಬಿಟ್ಟಿದ್ದು ನಿನಗೆ ಗೊತ್ತು. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೆ, ಬೆಂಗಳೂರಿನಲ್ಲಿ ಅಂಟಿಸಿ ಜೋಡಿಸುವ ಆಟಿಕೆ ನೋಡಿದ್ದೇನೆ, ವಿಮಾನ ತರಲೋ ಟ್ಯಾಂಕೋ ಎಂದು ನೀನು ಬರೆದಿದ್ದೆ. ಟ್ಯಾಂಕು ಮಾತ್ರ ಬೇಡವೆಂದು ಬರೆಯಲು ನಾನು ಕೂತಿದ್ದೆ. ಅಷ್ಟರಲ್ಲಿ ಇವರು ನಿನ್ನ ಕಾಗದ ಎತ್ತಿಕೊಂಡು ಓದಿಬಿಟ್ಟರು.

"ಟ್ಯಾಂಕೇ ತರ್ಲಿ ಕಣೇ. ಸಣ್ಣದಾದ್ರೂ ಸರಿ, ಮೇಲಿನ ಮುಚ್ಚಳ ತೆಗೆಯೋಕೆ ಬರ್ಬೇಕು," ಎಂದರು. "ಬೆಂಕಿ ಬಿದ್ದಾಗ ನಮ್ದು ತೆಗೆಯೋಕೇ ಬರ್ಲಿಲ್ಲ. ಮುಂದಿನ ಕಿಂಡಿಯಿಂದ ನಾನೊಬ್ನೇ ಆಚೆ ಬಂದೆ."

ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ, ಮುಚ್ಚಳ ತೆರೆಯುತ್ತದೆಯೇ ಎಂದು ನೋಡಿ ತಾ. ಭಾನುವಾರವೇ ಬಾ. "ನಿಮ್ಮಣ್ಣ ಯಾವತ್ತು ಬರ್ತಾರೆ?" ಎಂದು ಈಗ ಮತ್ತೆ ಕೇಳಿದರು.

ನಿನ್ನ ತಂಗಿ
ಶ್ಯಾಮಲ