ರಾತ್ರಿ ಅಂಗಡಿಯ ತವರು ಸೀರೆ

ವೈದ್ಯನಾಥಪುರ
೨೪-೮-೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಬೋರಮ್ಮನಿಗೆ ನಿನ್ನ ಯಜಮಾನ ಕೆಂಪಯ್ಯ ಬರೆಯುವ ಕಾಗದ.

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಕೂಸಿಗೆ ನೀರು ಹಾಕುವಾಗ ಬಗ್ಗಿ ಒದ್ದಾಡಬೇಡ, ಮಣೆ ಹಾಕಿಕೊಂಡು ಕೂತು ಹಾಕು. ಗಗನಳ ಕೈಗೆ ತಣ್ಣೀರು ಸಿಗದ ಹಾಗೆ ನೋಡಿಕೋ. ನಿನ್ನ ಮಗಳಿಗೂ ಹಟ ಜಾಸ್ತಿ, ಯಾರ ಹಾಗೆ ಎಂದು ನಾನು ಹೇಳುವುದಿಲ್ಲ. ಅವಳ ಅತ್ತೆಯವರ ಮುರಿದ ಕೈಗೆ ಹಾಕಿದ ಕಟ್ಟು ಬಿಚ್ಚಿದರಾ? ಇಲ್ಲಿ ನಾನು, ಮಗ ರಘು, ಸೊಸೆ ರಂಜಿತ ಮೂವರೂ ಚೆನ್ನಾಗಿದ್ದೇವೆ. ನಿನ್ನ ಕೆಂದ ಹಸು ಮಾತ್ರ ನೀನು ಮಳವಳ್ಳಿಗೆ ಹೋದ ಮೇಲೆ ಸರಿಯಾಗಿ ಹಾಲು ಕೊಡದೆ ಸತಾಯಿಸಿತು. ನಾನು ಕೂತರೆ ಒದೆಯಿತು, ರಘು ಕೂತರೆ ಬಾಲದಲ್ಲಿ ಮುಖಕ್ಕೆ ಹೊಡೆಯಿತು. ಕಡೆಗೆ ರಂಜಿತ ನಿನ್ನ ಹಳೇ ಸೀರೆ ಸುತ್ತಿಕೊಂಡು ಹೋಗಿ ಕೂತಳು. ಮರ್ಯಾದೆಯಿಂದ ಕೊಟ್ಟಿತು. ಈ ಮನೆಯಲ್ಲಿ ನಿನ್ನ ಸೀರೆಗೆ ಇರುವ ಬೆಲೆ ನನಗಿಲ್ಲ.

ಮುದುಕ ಇದೇನು ಕಾಗದ ಬರೆಯುತ್ತಾನೆ ಎಂದು ನಗಬೇಡ. ಫೋನು ಮಾಡಿದರೆ ನೀನು ಸ್ಪೀಕರ್ ಹಾಕಿಕೊಳ್ಳುತ್ತೀಯ. ಬೀಗರ ಮನೆಯವರೆಲ್ಲ ಕಿವಿ ಕೊಟ್ಟು ಕೂತಿರುತ್ತಾರೆ. ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ‘ಕೂಸು ಮನಗದೆ, ಇಡಿ ಫೋನ’ ಎಂದು ಇಟ್ಟುಬಿಡುತ್ತೀಯ. ಈಗ ಹೇಳಬೇಕಾದ್ದು ಉದ್ದ ಇದೆ. ಅಳಿಯಂದಿರು ಸಂಜೆ ಮದ್ದೂರಿಗೆ ಬಂದವರು ಮನೆಗೂ ಬಂದು ಹೋಗುತ್ತಾರಂತೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಒಬ್ಬಳೇ ಕೂತು ಓದಿಕೋ.

ನೀನು ಬಸ್ಸು ಹತ್ತುವಾಗ ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿರಲಿಲ್ಲ ಕಣೆ. ‘ಈ ಸಲ ಗೌರಿ ಅಬ್ಬಕ್ಕೆ ನಾನು ಊರಲ್ಲಿರದಿದ್ರೇ ವಾಸಿ. ತವರಿಂದ ಏನ್ ಬಂತು ಅಂತ ಕೇಳೋರ್ಗೆ ನಾನೇನೇಳ್ಲಿ?’ ಎಂದೆ. ಮಗಳ ಬಾಣಂತನಕ್ಕೆ ಹೋಗುವವಳು ಸಂತೋಷವಾಗಿ ಹೋಗಬೇಕು, ನೀನು ಕಣ್ಣು ಒರೆಸಿಕೊಂಡು ಹೋದೆ. ನಿನ್ನ ಅಣ್ಣ ಕರಿಯಯ್ಯ ಶಿವರಾತ್ರಿ ಕಳೆದ ಮೇಲೆ ತೀರಿಕೊಂಡ, ಇದು ಅವನಿಲ್ಲದ ಮೊದಲ ಗೌರಿ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ, ಹಬ್ಬವಿಲ್ಲದ ಮನೆಯಿಂದ ಬಾಗಿನ ಹೊರಡುವುದಿಲ್ಲ ಎಂದು ನೀನೂ ತಿಳಿದಿದ್ದೆ, ನಾನೂ ತಿಳಿದಿದ್ದೆ. ಅವನು ಹನಕೆರೆಯಿಂದ ಟಿವಿಎಸ್ಸಿನ ಹ್ಯಾಂಡಲಿಗೆ ಚೀಲ ನೇತುಹಾಕಿಕೊಂಡು ಬರುತ್ತಿದ್ದದ್ದು, ಮೊರದ ಬಾಗಿನದ ಮೇಲೆ ಪ್ರತಿ ವರ್ಷವೂ ಹಸಿರು ಸೀರೆಯನ್ನೇ ಇಟ್ಟಿರುತ್ತಿದ್ದದ್ದು, ನೀನು ‘ಮತ್ತೆ ಹಸ್ರೇನಾ ಅಣ್ಣೋ’ ಎಂದು ರಾಗ ಎಳೆಯುತ್ತಿದ್ದದ್ದು, ಅವನು ‘ಬಣ್ಣ ಗಿಣ್ಣ ಕೇಳ್ಬ್ಯಾಡ ಕಣವ್ವ, ತವರಿಂದು, ಉಟ್ಕೊ’ ಎನ್ನುತ್ತಿದ್ದದ್ದು, ಎಲ್ಲ ನನಗೂ ಜ್ಞಾಪಕವಿದೆ. ನನಗೂ ಅವನು ಭಾವ ಅಲ್ಲವೇ. ಅವನು ಬಂದು ಹೋದರೇ ನಮ್ಮ ಮನೆಯಲ್ಲಿ ಹಬ್ಬ ಆಗುತ್ತಿದ್ದದ್ದು.

ಇನ್ನು ಅಂಗಡಿಯ ವಿಷಯ. ನಮ್ಮ ರಂಜಿತ ಕೆಲಸ ಮಾಡುವ ಜವಳಿ ಅಂಗಡಿಯವರು ಈ ಸಲ ಹಬ್ಬ ಮುಗಿಯುವ ತನಕ ರಾತ್ರಿಯೆಲ್ಲ ಬಾಗಿಲು ಹಾಕುವುದಿಲ್ಲ ಎಂದು ಆಟೋಗೆ ಮೈಕು ಕಟ್ಟಿ ಮದ್ದೂರೆಲ್ಲ ಸಾರಿದರು. ಸೀರೆ ವಿಭಾಗದಲ್ಲಿ ಇವಳಿಗೆ ರಾತ್ರಿ ಪಾಳಿ ಬಿತ್ತು. ರಘುವಿಗೆ ಮಂಡ್ಯದ ಫ್ಯಾಕ್ಟರಿಯಲ್ಲಿ ರಾತ್ರಿ ಕೆಲಸ, ಮೊದಲ ರಾತ್ರಿ ಅವಳೊಬ್ಬಳೇ ಹೋದಳು. ನೀನೋ ಅಲ್ಲಿಂದಲೇ ಫೋನಿನಲ್ಲಿ ಅಪ್ಪಣೆ ಕೊಟ್ಟೆ: ‘ಸೊಸೇನ ಒಬ್ಳೇ ಕಳಿಸ್ಬ್ಯಾಡಿ, ಜೊತೇಲಿ ಓಗಿ ಕೂತ್ಕಳಿ.’ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಗೊಣಗಿದೆ. ಯಾವ ದೆವ್ವ ಬರುತ್ತದೆ ಆ ಹೊತ್ತಿನಲ್ಲಿ ಸೀರೆ ಕೊಳ್ಳಲು, ಈ ಸಾಹುಕಾರನಿಗೆ ಕರೆಂಟು ಬಿಲ್ಲಿಗೆ ಸುರಿಯಲು ದುಡ್ಡು ಹೆಚ್ಚಾಗಿದೆಯಾ ಎಂದೆ. ರಂಜಿತ ಬಿರಬಿರನೆ ಮುಂದೆ ನಡೆದುಬಿಟ್ಟಳು, ನಿನ್ನ ಹತ್ತಿರ ಕಲಿತಿದ್ದಾಳೆ.

ಆದರೆ ಬಂದರು ಕಣೆ, ಜಾತ್ರೆ ಸೇರಿದ ಹಾಗೆ ಬಂದರು! ಆಲೆಮನೆಯಲ್ಲಿ ಬೆಲ್ಲ ಇಳಿಸಿ ಬಂದವರು ಅಂಗಡಿಗೆಲ್ಲ ಬೆಲ್ಲದ ವಾಸನೆ ಹಚ್ಚಿದರು. ಡ್ಯೂಟಿ ಮುಗಿಸಿದ ನರ್ಸಮ್ಮಂದಿರು ಬಂದರು. ಹೂವಿನ ಮೂಟೆಯನ್ನು ಬಾಗಿಲ ಹತ್ತಿರ ಇಳಿಸಿ ಹೆಂಗಸರು ಒಳಗೆ ನುಗ್ಗಿದರು. ಒಬ್ಬ ಹೋಟೆಲಿನ ಅಡುಗೆಯವನು ವಡೆ ಕರಿಯುವುದನ್ನು ಬಿಟ್ಟು ಎಣ್ಣೆ ಕೈಯಲ್ಲೇ ಬಂದಿದ್ದ, ರಂಜಿತ ಅವನನ್ನು ಸೀರೆಯ ಹತ್ತಿರಕ್ಕೇ ಬಿಡಲಿಲ್ಲ. ‘ಅಲ್ಲೇ ನಿಂತ್ಕಂಡು ಬೆಟ್ಟು ತೋರ್ಸಣ್ಣ’ ಎಂದಳು. ಹಗಲು ಹೊತ್ತು ಬಿಡುವಿಲ್ಲದೆ ದುಡಿಯುವವರಿಗೂ ಅಕ್ಕ ತಂಗಿಯರಿರುತ್ತಾರೆ, ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗಂಡಸರನ್ನು ಕೂರಿಸುವ ಒಂದು ಬೆಂಚು ಹಾಕಿದ್ದಾರೆ, ನಾನು ಅದರ ಮೇಲೆ ಪಂಚಾಯಿತಿ ಯಜಮಾನನ ಹಾಗೆ ಕೂತೆ. ಗಂಡ ಹೆಂಡತಿ ಜಗಳವೆಲ್ಲ ನನ್ನ ಹತ್ತಿರವೇ ಬಂತು. ‘ತಾತ, ನೀವೇ ಹೇಳಿ, ಈ ಬಣ್ಣ ನಂಗೆ ಒಪ್ತದಾ?’ ಎಂದರೆ ‘ಒಪ್ತದೆ ಕಣವ್ವ’ ಎನ್ನುವುದು, ಗಂಡನ ಮುಖ ನೋಡಿ ‘ಇನ್ನೊಂದು ನೋಡು, ತಪ್ಪಿಲ್ಲ’ ಎನ್ನುವುದು. ಸಾಹುಕಾರ ನನಗೆ ಆಗಾಗ ಕಾಫಿ ಕಳಿಸಿದ. ನಗಬೇಡ, ಮಾರನೇ ದಿನ ನಾನೇ ಮೊದಲು ಚಪ್ಪಲಿ ಮೆಟ್ಟಿಕೊಂಡು ರಂಜಿತಳನ್ನು ಹೊರಡಿಸಿದೆ.

ಅಲ್ಲಿ ಕೂತು ಕೂತು ನನಗೊಂದು ಉಪಾಯ ಹೊಳೆಯಿತು. ನಾನೇ ಒಂದು ಹಸಿರು ಸೀರೆ ತೆಗೆದು, ಗಗನಳ ಬಾಗಿನದ ಜೊತೆ ರಘುವಿನ ಕೈಯಲ್ಲಿ ಕಳಿಸಿ, ‘ಹನಕೆರೆಯಿಂದ ಪುನೀತ ಕೊಟ್ಟುಹೋದ’ ಎಂದು ಹೇಳಿಸಿಬಿಟ್ಟರೆ? ನಿನ್ನ ಅಣ್ಣನ ಮಗನಿಗೆ ಆಮೇಲೆ ಹೇಗೋ ಸಮಾಧಾನ ಹೇಳಿದರಾಯಿತು. ರಂಜಿತಳನ್ನು ಮೆಲ್ಲಗೆ ಕರೆದು ಹೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಏನ್ ಮಾವ, ಸುಳ್ಳು ತವರು ಮಾಡ್ತೀರಾ? ಅತ್ತೆಗೆ ಗೊತ್ತಾಗ್ದೇ ಇರ್ತದಾ?’ ಎಂದಳು. ಗೊತ್ತಾದರೆ ಆಗಲಿ, ನೀನು ಸೀರೆ ತೋರಿಸು ಎಂದೆ. ಅವಳು ಅರಿಶಿನ ಬಣ್ಣದ್ದು ತೋರಿಸಿದಳು, ಗುಲಾಬಿ ತೋರಿಸಿದಳು, ಚೌಕಳಿ ತೋರಿಸಿದಳು, ಹಸಿರು ಮಾತ್ರ ಬಿಚ್ಚಲಿಲ್ಲ. ಹಸಿರು ಕೇಳಿದರೆ ‘ಖಾಲಿ ಆಗೋಗದೆ ಮಾವ’ ಅನ್ನುತ್ತಾಳೆ. ಹಬ್ಬದ ಹೊತ್ತಿನಲ್ಲಿ ಜವಳಿ ಅಂಗಡಿಯಲ್ಲಿ ಹಸಿರು ಖಾಲಿಯಂತೆ! ಮಾವನಿಗೆ ತೋರಿಸಲು ಸೋಮಾರಿತನ ಎಂದುಕೊಂಡು ನನಗೆ ಸಿಟ್ಟು ನೆತ್ತಿಗೇರಿತು.

ಅದು ನಿನ್ನೆ ರಾತ್ರಿ. ಅವಳು ಬೇರೆ ಗಿರಾಕಿಯ ಕಡೆ ತಿರುಗಿದಾಗ ನಾನು ಎದ್ದು ಹೋಗಿ ಕೌಂಟರಿನ ಹಿಂದೆ ಇಣುಕಿದೆ. ಅಲ್ಲಿತ್ತು ನೋಡು! ಎಲೆಹಸಿರು ಒಡಲು, ಕುಂಕುಮದ ಅಂಚು, ಫಾಲ್ಸ್ ಕೂಡ ಹೊಲಿಸಿ ಮಡಿಸಿಟ್ಟಿದ್ದಳು. ಕರಿಯಯ್ಯ ಬದುಕಿದ್ದರೆ ಅದನ್ನೇ ತರುತ್ತಿದ್ದ. ಎತ್ತಿಕೊಂಡುಬಿಟ್ಟೆ. ರಂಜಿತ ಓಡಿ ಬಂದು ಇನ್ನೊಂದು ತುದಿ ಹಿಡಿದುಕೊಂಡಳು. ‘ಬುಡಿ ಮಾವ, ಅದು ಮಾರಾಟ ಆಗದೆ’ ಅಂತ ಅವಳು, ‘ಯಾವನ್ಗೆ ಮಾರಿದ್ದೀಯ, ಕರಿ ಅವನ್ನ, ನಾನೇ ಮಾತಾಡ್ತೀನಿ’ ಅಂತ ನಾನು. ಇಡೀ ಅಂಗಡಿ ಕೆಲಸ ಬಿಟ್ಟು ನೋಡಿತು. ಬೆಂಚಿನ ಮೇಲಿದ್ದ ಗಂಡಸರೆಲ್ಲ ನನ್ನ ಕಡೆ, ಹೂವಿನ ಹೆಂಗಸರೆಲ್ಲ ಅವಳ ಕಡೆ. ಸಾಹುಕಾರ ಗಲ್ಲಾ ಬಿಟ್ಟು ಬಂದು ‘ಯಜಮಾನ್ರೇ, ಅಂಗಡಿ ಮಾನ ಉಳಿಸಿ’ ಎಂದು ಕೈ ಮುಗಿದ. ಹೆಂಡತಿಗೆ ಒಂದು ಸೀರೆ ಕೊಡಿಸಲಾಗದವನು ಎಂದುಕೊಂಡಿದ್ದೀರಾ ನನ್ನನ್ನು ಎಂದು ಅವನ ಮೇಲೂ ಹಾರಾಡಿದೆ. ಸೊಸೆ ಮಾವನ ಕೈಯಿಂದ ಸೀರೆ ಕಿತ್ತುಕೊಳ್ಳುವುದನ್ನು ನೋಡುವ ಭಾಗ್ಯ ನಿನಗಿರಲಿಲ್ಲ, ಇದ್ದಿದ್ದರೆ ನೀನೂ ಅವಳ ಕಡೆಯೇ ನಿಲ್ಲುತ್ತಿದ್ದೆ.

ಆಗ ಬಾಗಿಲಲ್ಲಿ ಯಾರೋ ‘ಮಾವ, ಅದು ನಂದು’ ಎಂದರು. ತಿರುಗಿ ನೋಡಿದರೆ ನಮ್ಮ ಪುನೀತ. ನಿಜವಾದ ಪುನೀತನೇ. ಹಾಲಿನ ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿ ಬಂದಿದ್ದಾನೆ. ಹಗಲೆಲ್ಲ ಅವನು ಊರೂರು ಸುತ್ತಿ ಡೇರಿಗೆ ಹಾಲು ಸಾಗಿಸಬೇಕು, ಅಂಗಡಿಗೆ ಬರಲು ಅವನಿಗೆ ಬಿಡುವಿರುವುದು ಲೋಕ ಮಲಗಿರುವ ಆ ಹೊತ್ತಿನಲ್ಲಿ ಮಾತ್ರ. ಅಂಗಡಿ ರಾತ್ರಿಯೆಲ್ಲ ತೆರೆದಿರುತ್ತದೆ ಎಂದು ಕೇಳಿ, ನಾನು ಜೊತೆಗಿರದಿದ್ದ ಮೊದಲ ರಾತ್ರಿಯೇ ಬಂದು ಆ ಸೀರೆ ಆರಿಸಿ, ಫಾಲ್ಸ್ ಹೊಲಿಸಲು ರಂಜಿತಳ ಹತ್ತಿರ ಬಿಟ್ಟುಹೋಗಿದ್ದನಂತೆ. ‘ಮಾವಂಗೆ ಏಳ್ಬ್ಯಾಡ ಅಕ್ಕ, ಅವರ ಬಾಯಲ್ಲಿ ಮಾತು ನಿಲ್ಲಾಕಿಲ್ಲ, ಅತ್ತೆಗೆ ಗೊತ್ತಾಗೋಯ್ತದೆ’ ಎಂದು ಆಣೆ ಬೇರೆ ಹಾಕಿಸಿಕೊಂಡಿದ್ದನಂತೆ. ನೋಡು, ಎಂಥ ಅಪವಾದ!

ನಾನು ಕೇಳಿದೆ, ನಿಮ್ಮ ಮನೆಗೆ ಈ ವರ್ಷ ಹಬ್ಬವಿಲ್ಲವಲ್ಲಪ್ಪ ಎಂದು. ಅವನು ತಲೆ ತಗ್ಗಿಸಿಕೊಂಡು ಹೇಳಿದ. ಅವನಿಗೂ ಅದೇ ಅನುಮಾನವಿತ್ತಂತೆ. ನಿನ್ನ ಅತ್ತಿಗೆ ಪಟ್ಟಲಮ್ಮನೇ ಗದರಿ ಕಳಿಸಿದಳಂತೆ: ‘ಅಬ್ಬ ಇಲ್ದಿರೋದು ನಮ್ಮನೇಗೆ ಕಣ್ಲಾ, ಕೊಟ್ಟ ಎಣ್ಮಗಳಿಗಲ್ಲ. ನಿಮ್ಮಪ್ಪ ಇಲ್ಲ ಅಂತ ಅವಳ ತವರು ಇಲ್ಲ ಅಂದಂಗಾಯ್ತದಾ? ಓಗು, ಹಸ್ರು ಸೀರೆ ತಗಂಬಾ.’ ಗಂಡನನ್ನು ಕಳೆದುಕೊಂಡ ವರ್ಷವೇ ಆ ಹೆಂಗಸು ನಿನ್ನನ್ನು ನೆನೆಸಿಕೊಂಡಿದ್ದಾಳೆ. ನನಗೆ ಅಳು ಬಂತು ಬೋರಿ. ಅಷ್ಟು ಜನರ ಮುಂದೆ, ಆ ದೀಪಗಳ ಕೆಳಗೆ, ಸೀರೆ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ. ಪುನೀತ ಗಾಬರಿಯಾಗಿ ‘ಸೀರೆ ನೀವೇ ತಗಳಿ ಮಾವ, ಅಳ್ಬ್ಯಾಡಿ’ ಎಂದುಬಿಟ್ಟ! ಅಂಗಡಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹೂವಿನ ಹೆಂಗಸೊಬ್ಬಳು ಮೂಟೆ ಬಿಚ್ಚಿ ಒಂದು ಮೊಳ ಸೇವಂತಿಗೆ ಕಿತ್ತು ಸೀರೆಯ ಮೇಲಿಟ್ಟಳು. ಅಂಗಡಿಯ ಬಾಗಿಲ ಹತ್ತಿರ ನಾನೂ ಪುನೀತನೂ ಕಾಫಿ ಕುಡಿದೆವು. ಅವನು ಲೋಟ ಹಿಡಿಯುವುದು ಥೇಟು ಅವರಪ್ಪನ ಹಾಗೆಯೇ.

ಈಗ ನಾನು ಅವನು ನಿನ್ನೆ ನನಗೂ ಹಾಕಿದ ಆಣೆ ಮುರಿದು ನಿನಗೆ ಎಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. ಮಂಗಳವಾರ ಹಬ್ಬದ ದಿನ ಬೆಳಿಗ್ಗೆಯೇ ಎದ್ದು ಮುಡುಕುತೊರೆಗೆ ಹೋಗಿ ಕತ್ತಲಾದ ಮೇಲೆ ಬರುತ್ತೇನೆ ಎಂದು ನೀನು ಹಟ ಹಿಡಿದಿದ್ದೀಯ ಎಂದು ಗಗನ ಹೇಳಿದಳು. ಹೋಗಬೇಡ. ಮಲ್ಲಪ್ಪಸ್ವಾಮಿ ಎಲ್ಲಿಗೂ ಹೋಗುವುದಿಲ್ಲ, ಬೆಟ್ಟದ ಮೇಲೇ ಇರುತ್ತಾನೆ, ಇನ್ನೊಂದು ದಿನ ಹೋದರಾಯಿತು. ಪುನೀತ ಅವತ್ತು ಡೇರಿಗೆ ಹಾಲು ಇಳಿಸಿ, ಅದೇ ವ್ಯಾನಿನಲ್ಲಿ ರಘುವನ್ನೂ ಕೂರಿಸಿಕೊಂಡು ಮಳವಳ್ಳಿಗೆ ಬರುತ್ತಾನೆ. ನಿನ್ನ ಬಾಗಿನ ಅವನ ಕೈಯಲ್ಲಿ, ಗಗನಳ ಬಾಗಿನ ರಘುವಿನ ಕೈಯಲ್ಲಿ. ಒಂದೇ ಬಾಗಿಲಿಗೆ ಎರಡು ತವರು ಬರುತ್ತವೆ. ನೀನು ಏನೂ ಗೊತ್ತಿಲ್ಲದವಳ ಹಾಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರು. ಅವನು ಬಂದ ಕೂಡಲೇ ಅಳಬೇಡ, ಮೊದಲು ಕಾಲಿಗೆ ನೀರು ಕೊಡು. ಆಮೇಲೆ ‘ಮತ್ತೆ ಹಸ್ರೇನಾ’ ಎಂದು ಕೇಳು. ಅವರಪ್ಪ ಹೇಳುತ್ತಿದ್ದ ಮಾತು ಅವನಿಗೆ ಬಾಯಿಪಾಠವಾಗಿದೆ, ಹೇಳಲು ಕಾಯುತ್ತಿದ್ದಾನೆ.

ಬೀಗರಿಗೆ, ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಗಗನಳಿಗೂ ಎರಡು ಕೂಸುಗಳಿಗೂ ನನ್ನ ಆಶೀರ್ವಾದ. ದೊಡ್ಡವನು ತಾತನನ್ನು ಕೇಳಿದರೆ, ತಾತ ರಾತ್ರಿ ಹೊತ್ತು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ಹೇಳು. ಗೌರಮ್ಮ ನಿನ್ನ ಅರಿಶಿನ ಕುಂಕುಮ ಗಟ್ಟಿಯಾಗಿಡಲಿ, ಅದರಲ್ಲಿ ನನ್ನ ಸ್ವಾರ್ಥವೂ ಇದೆ.

ಇಂತಿ ನಿನ್ನ
ಕೆಂಪಯ್ಯ

ಮರೆತಿದ್ದೆ: ಅಳಿಯಂದಿರ ಗಾಡಿಯ ಸದ್ದು ಕೇಳಿಸುತ್ತಿದೆ, ಬೇಗ ಬರೆಯುತ್ತೇನೆ. ರಘು ತರುವ ಚೀಲದ ತಳದಲ್ಲಿ ಇನ್ನೊಂದು ಕವರು ಇರುತ್ತದೆ. ಅದು ತವರಿನದಲ್ಲ, ಹಬ್ಬಕ್ಕೆ ಉಡಬೇಡ, ಹಬ್ಬಕ್ಕೆ ನಿನ್ನ ಅಣ್ಣನ ಮನೆಯ ಹಸಿರೇ ಆಗಬೇಕು. ಪುನೀತ ಹೋದ ಮೇಲೆ ನಾನು ರಂಜಿತಳನ್ನು, ನಿಮ್ಮತ್ತೆಗೆ ಯಾವ ಬಣ್ಣ ಇಷ್ಟ ಎಂದು ಕೇಳಿದೆ. ‘ನೇರಳೆ ಮಾವ. ಅಂಗಡಿಗೆ ಬಂದಾಗೆಲ್ಲ ಮುಟ್ಟಿ ನೋಡಿ ಬುಟ್ಬುಡ್ತಾರೆ’ ಎಂದಳು. ಬಾಣಂತನ ಮುಗಿಸಿ ಬರುವ ದಿನ ಅದನ್ನು ಉಟ್ಟುಕೊಂಡು ಬಾ, ಮದ್ದೂರು ಬಸ್‌ ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ. ನಿನ್ನ ಅಣ್ಣ ಬಣ್ಣ ಕೇಳಬೇಡ ಎನ್ನುತ್ತಿದ್ದ. ನಾನು ಕೇಳಿಯೇ ತಂದಿದ್ದೇನೆ.