ತುಟಿ ಓದಿದವಳು

೧೪ ಮಾರ್ಚ್ ೧೯೧೬, ಫೋರ್ಟ್ ಲೀ

ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎನ್ನುವುದೂ ತಿಳಿಯುತ್ತಿಲ್ಲ. ಮನೆಯೊಡತಿ ಮಿಸೆಸ್ ಗಿಲ್‌ಹೂಲಿ ಇಂದು ತನ್ನ ಕಿವುಡಿ ತಂಗಿ ಹನೋರಾಳನ್ನು ನಾನು ನಟಿಸಿದ ಹೊಸ ಮೂಕಿಚಿತ್ರಕ್ಕೆ ಕರೆದೊಯ್ದಿದ್ದಳು. ತಾಯಿಯ ಹೆಣದ ಮುಂದೆ ನಾನು ಗೋಳಾಡುವಾಗ ಇಡೀ ಥಿಯೇಟರೇ ಅತ್ತಿತಂತೆ.

"ಇವಳೊಬ್ಬಳು ಮಾತ್ರ ನಕ್ಕಳು ಕಣಪ್ಪ," ಎಂದಳು ಊಟ ಬಡಿಸುತ್ತ. "ತುಟಿ ನೋಡೇ ಮಾತು ತಿಳ್ಕೋತಾಳಲ್ಲ. ನೀನು 'ದರಿದ್ರ ಬೂಟು ಕಚ್ತಿದೆ, ಊಟಕ್ಕೆ ಯಾವಾಗ ಬಿಡ್ತೀರೋ' ಅಂದ್ಯಂತೆ."

ಅಂದದ್ದು ನಿಜ. ಏನಾದರೂ ಗೊಣಗು, ಬಾಯಿ ಆಡಿದರೆ ಸಾಕು ಎನ್ನುತ್ತಾನೆ ನಿರ್ದೇಶಕ. ಡಬ್ಲಿನ್ನಿನ ನಾಟಕಶಾಲೆಯಲ್ಲಿ ಪಿಸುಮಾತನ್ನೂ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ಗಂಟಲಿದು. ಈ ದೇಶದ ಪ್ರೇಕ್ಷಕರಲ್ಲಿ ನನ್ನ ಮಾತು ಕೇಳಿಸಿಕೊಂಡವಳು ಆ ಕಿವುಡಿ ಒಬ್ಬಳೇ. ಅವಳಿಗೂ ಸಿಕ್ಕಿದ್ದು ಬೂಟಿನ ದೂರು.