ಪೂಜೆ ಮಾಡಿದ ಕೋಲು, ಹರಿದ ಹಸಿರು ಬಟ್ಟೆ

ಮಾಮಾ,

ಹನ್ನೊಂದು ವರ್ಷದ ಹಿಂದೆ, ಬನ್ನಿ ಹಂಚಿದ ಮರುದಿನ, ಬೈಲಹೊಂಗಲದ ನಮ್ಮ ಕ್ಲಬ್ಬಿನವರು ನಿಮಗೆ ಅನ್ಯಾಯ ಮಾಡಿದರು. ಕೋಲಿನಿಂದ ಚೆಂಡನ್ನು ಕುಳಿಗೆ ಕಳಿಸುವ ಪೂಲ್ ಪಂದ್ಯದ ಫೈನಲ್ಲಿನಲ್ಲಿ ನಿಮ್ಮ ಕೈಯ ಕೋಲು ಜಾರಿ ಟೇಬಲ್ಲಿನ ಹಸಿರು ಬಟ್ಟೆ ಹರಿಯಿತು. ಸಂಜೆಯೊಳಗೆ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ನಿಮ್ಮ ಹೆಸರು ಬಂತು: ಇವರ ನಿಷ್ಕಾಳಜಿಯಿಂದ ಬಟ್ಟೆ ಹಾಳಾಗಿದೆ, ಇನ್ನು ಮುಂದೆ ಇವರಿಗೆ ಟೇಬಲ್ ಇಲ್ಲ. ಕಾರಣ ಕೇಳಲಿಲ್ಲ, ಕೋಲು ಪರೀಕ್ಷಿಸಲಿಲ್ಲ. ಆ ಬರಹವನ್ನು ಯಾವಾಗಲೋ ಒರೆಸಿದರು. ಆದರೆ ‘ಕೈ ನಡುಗೋ ಮುದುಕ ಬಟ್ಟಿ ಹರದ’ ಎಂಬ ಮಾತು ನೀವು ತೀರಿಕೊಂಡ ಮೇಲೂ ಊರಲ್ಲಿ ತಿರುಗುತ್ತಲೇ ಇತ್ತು. ನಾನು ಮರೆತೆನೆಂದುಕೊಂಡಿದ್ದಿರಾ?

ನಿಮ್ಮ ಅರಳೆ ಅಂಗಡಿಯ ಗಾದಿಯ ಮೇಲೆ ಕೂತು ನೀವು ನನಗೆ ಮೊದಲ ಪಾಠ ಹೇಳಿದ್ದು ನೆನಪಿದೆ. ನಾನಾಗ ಕಾಲೇಜಿನ ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕೋಲಿನ ತುದಿಗೆ ಅಂಟಿಸುವ ಚರ್ಮದ ಗುಂಡಿಗಳನ್ನು, ನೀವು ಟಿಪ್ಪು ಎನ್ನುತ್ತಿದ್ದವುಗಳನ್ನು, ಅಂಗೈ ಮೇಲೆ ಹಾಕಿಕೊಂಡು ಒಂದೊಂದಕ್ಕೂ ಉಗುರು ಒತ್ತಿ ನೋಡುತ್ತಿದ್ದಿರಿ.

“ಇದು ಮೆತ್ತನ್ನದು ನೋಡವಾ. ಚಾಕ್ ಛಲೋ ಹಿಡೀತದ, ಆದ್ರ ಲಗೂನ ಅಣಬಿ ಹಂಗ ಹರಡ್ತದ. ಇದು ಬಿರುಸು. ಭಾಳ ದಿನಾ ಬಾಳತದ, ಆದ್ರ ಮಾರಿ ನುಣ್ಣಗಾತಂದ್ರ ಚಾಕ್ ನಿಲ್ಲೂದಿಲ್ಲ. ನಡುವಿಂದು ತಗೋಬೇಕು, ಅದರ ಮಾರಿ ನೋಡ್ಕೋಂತ ಇರಬೇಕು.”

“ಅರಳಿ ನೋಡಿದಂಗ ನೋಡ್ತೀರಲ್ರಿ ಮಾಮಾ!”

“ಎರಡೂ ಬೆರಳಿಗಷ್ಟ ಖರೆ ಹೇಳ್ತಾವ. ಕಣ್ಣಿಗೆ ಸುಳ್ಳ ಹೇಳ್ತಾವ.”

ಆ ದಿನಗಳಲ್ಲಿ ಹೆಂಗಸರಿಗೆ ಕ್ಲಬ್ಬಿನ ಟೇಬಲ್ಲಿನ ಕೋಣೆಗೆ ಪ್ರವೇಶವಿರಲಿಲ್ಲ. ಹಾಗಾಗಿ ರವಿವಾರ ನೀವೇ ಕೋಲುಗಳನ್ನು ಮನೆಗೆ ತರುತ್ತಿದ್ದಿರಿ, ನಾವಿಬ್ಬರೂ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಟಿಪ್ಪಿನ ಮುಖ ಹೊಳೆಯತೊಡಗಿದರೆ ಪಾಲಿಶ್ ಪೇಪರಿನಿಂದ ಹಗುರಾಗಿ ತಿಕ್ಕಿ ಒರಟು ಮಾಡಬೇಕು. ಚಪ್ಪಟೆಯಾಗಿದ್ದರೆ ರೂಪಾಯಿ ನಾಣ್ಯದ ಅಂಚಿನಷ್ಟು ದುಂಡಗೆ ತಿದ್ದಬೇಕು. ಬದಿಗೆ ಉಬ್ಬಿದ್ದನ್ನು ಕೆರೆಯಬೇಕು, ತೀರ ಸವೆದು ತೆಳ್ಳಗಾಗಿದ್ದನ್ನು ಕಿತ್ತು ಹೊಸದು ಅಂಟಿಸಬೇಕು. ಕೋಲು ಚೆಂಡಿನಿಂದ ಜಾರದಿರಲು ಹಚ್ಚುವ ನೀಲಿ ಚಾಕನ್ನು ನಾನು ತುದಿಗೆ ಒತ್ತಿ ಗಿರಗಿರ ತಿರುಗಿಸಿದರೆ ನೀವು ಕೈ ಹಿಡಿದು ನಿಲ್ಲಿಸುತ್ತಿದ್ದಿರಿ. “ತೂತು ಕೊರಿಯಾಕ ಹತ್ತೀಯೇನು? ಹಣಿಗೆ ವಿಭೂತಿ ಹಚ್ಚಿದಂಗ ಎಳಿ. ಪ್ರತಿ ಹೊಡತಕ್ಕೂ ಹಚ್ಚು.” ಈಗಲೂ ಬೆಳಿಗ್ಗೆ ವಿಭೂತಿ ಗಟ್ಟಿ ಕೈಗೆ ತೆಗೆದುಕೊಂಡಾಗ ನಿಮ್ಮ ಆ ಮಾತು...

ಬಟ್ಟೆ ಹರಿದ ಆ ವರ್ಷದ ಖಂಡೇಪೂಜೆಯ ದಿನ ನಿಮ್ಮ ಜೊತೆ ನಾನೂ ಕ್ಲಬ್ಬಿಗೆ ಬಂದಿದ್ದೆ, ಪ್ರಸಾದಕ್ಕೆಂದು. ಕೊಡಲಿ, ಕುಡಗೋಲು, ತಕ್ಕಡಿ, ಗಾಡಿಗಳಿಗೆಲ್ಲ ಪೂಜೆ ಮಾಡುವ ದಿನ ಕ್ಲಬ್ಬಿನವರು ಕೋಲುಗಳನ್ನು ಪೂಜಿಸುವುದು ಮೊದಲಿನಿಂದಲೂ ಇತ್ತು. ಆದರೆ ಆ ವರ್ಷ ಸೆಕ್ರೆಟರಿ ಸಾಹೇಬರಿಗೆ ಕೋಲುಗಳು ಮಿಂಚಬೇಕೆನಿಸಿತು. ಬಟ್ಟಲು ತುಂಬ ಕೊಬ್ಬರಿ ಎಣ್ಣೆ ತರಿಸಿ ಬುಡದಿಂದ ತುದಿಯವರೆಗೆ ಸವರಿಸಿದರು, ಟಿಪ್ಪಿಗೂ ಸೇರಿಸಿ. ಮೇಲೆ ಕುಂಕುಮ. ನೀವು ಕೈ ಮುಗಿದು, ಆಮೇಲೆ ಮೆಲ್ಲಗೆ ಹೇಳಿದಿರಿ:

“ಸಾಹೇಬ್ರ, ಪೂಜಿ ಹಿಡಿಯೋ ಕಡೆ ಮಾಡ್ರಿ. ಬಡಿಯೋ ಕಡೆ ಎಣ್ಣಿ ಬ್ಯಾಡ್ರಿ. ಚರ್ಮ ಎಣ್ಣಿ ಹೀರಿತಂದ್ರ ಚಾಕ್ ಹಿಡಿಯೂದಿಲ್ಲ.”

“ಏನ್ರೀ ಕಾಕಾ, ದೇವರ ಎಣ್ಣಿಗೂ ತಕರಾರೇನ್ರಿ?” ಎಂದು ಅವರು ನಕ್ಕರು. ಸುತ್ತ ನಿಂತವರೂ ನಕ್ಕರು.

ಫೈನಲ್ಲಿನ ದಿನ ಮಾತ್ರ ಹೆಂಗಸರೂ ಸೇರಿ ಮನೆಮಂದಿಗೆಲ್ಲ ಕುರ್ಚಿ ಹಾಕಿದ್ದರು, ನಾನು ಮುಂದಿನ ಸಾಲಿನಲ್ಲಿದ್ದೆ. ನಿಮ್ಮೆದುರು ರಾಮದುರ್ಗದ ಮಾಸ್ತರರು. ಕ್ಲಬ್ಬಿನ ಕೋಲಿನಿಂದಲೇ ಆಡಬೇಕೆಂಬುದು ಆಗಿನ ನಿಯಮ. ನೀವು ಕೋಲು ತೆಗೆದುಕೊಂಡವರೇ ತುದಿ ಮುಟ್ಟಿ ನೋಡಿ ಪಾಲಿಶ್ ಪೇಪರ್ ಕೇಳಿದಿರಿ. ಸೆಕ್ರೆಟರಿ ಸಾಹೇಬರು ಹೌಹಾರಿದರು: “ಪೂಜಿ ಮಾಡಿದ ಕೋಲು ಕೆರೀತೀರೇನು? ಛೇ ಛೇ, ಅಪಶಕುನ!” ನೀವು ಹಾಗೆಯೇ ಚಾಕ್ ಹಚ್ಚಿಕೊಂಡು ಆಟಕ್ಕಿಳಿದಿರಿ. ಕೊನೆಗೆ ಕಪ್ಪು ಚೆಂಡೊಂದೇ ಉಳಿದಿತ್ತು. ಬಿಳಿ ಚೆಂಡು ಕಪ್ಪನ್ನು ಕುಳಿಗೆ ಕಳಿಸಿ ತಾನು ಹಿಂದಕ್ಕೆ ಬರಬೇಕು, ಇಲ್ಲವಾದರೆ ಅದೂ ಕುಳಿಗೆ ಬಿದ್ದು ಆಟ ಹೋಗುತ್ತಿತ್ತು. ಹಾಗಾಗಿ ಬಿಳಿ ಚೆಂಡಿನ ಕೆಳಭಾಗಕ್ಕೇ ಹೊಡೆಯಬೇಕಾಗಿತ್ತು. ಹೊಡೆದಿರಿ. ಚಾಕ್ ನಿಲ್ಲದ ಟಿಪ್ಪು ಚೆಂಡಿನಿಂದ ಜಾರಿ ಬಟ್ಟೆಯೊಳಗೆ ನುಗ್ಗಿತು. ಅರಿವೆ ಹರಿದ ಆ ಸದ್ದು...

ಅದೇ ಗಳಿಗೆಯಲ್ಲಿ ರಾಮದುರ್ಗದ ಮಾಸ್ತರರು ಎದ್ದು ನಿಂತು, “ನನ್ನ ಕೋಲೂ ಎರಡ ಸಲ ಜಾರೇತ್ರಿ. ನಾ ಚೆಂಡಿನ ನಡುವಿಗೆ ಮೆಲ್ಲಕ ಹೊಡದೇನಿ, ಅದಕ್ಕ ಉಳದೇನಿ” ಎಂದರು. ನಿಮ್ಮ ಕೋಲು ಜಾರಿದ್ದರಿಂದಲೇ ಪಂದ್ಯ ಗೆದ್ದವರು ಹೇಳಿದ ಸಾಕ್ಷಿ! ಯಾರು ಕಿವಿಗೆ ಹಾಕಿಕೊಂಡರು? ಮರುವರ್ಷ ಮಾತ್ರ, ಆಟಗಾರರು ತಂತಮ್ಮ ಕೋಲು ತರಬಹುದೆಂದು ಸದ್ದಿಲ್ಲದೆ ನಿಯಮ ಬದಲಿಸಿದರು. ತಪ್ಪು ನಿಮ್ಮ ಕೈಯದ್ದೇ ಆಗಿದ್ದರೆ ನಿಯಮ ಯಾಕೆ ಬದಲಾಗಬೇಕಿತ್ತು ಮಾಮಾ? ನೀವು ಆ ಬಾಗಿಲು ಮತ್ತೆ ತುಳಿಯಲಿಲ್ಲ. ಸವದತ್ತಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಪೂಲ್ ಅಂಗಡಿಗೆ ಹೋಗಿ ಡ್ರೈವರುಗಳ ಜೊತೆ ಆಡಿ ಬರುತ್ತಿದ್ದಿರಿ. ಕೇಳಿದರೆ “ಅಲ್ಲಿ ಟಿಪ್ಪು ಛಲೋ ಅದಾವ” ಎಂದಷ್ಟೇ ಹೇಳುತ್ತಿದ್ದಿರಿ.

ಈ ದಸರೆಯಲ್ಲಿ ನೀವಿರಬೇಕಿತ್ತು! ಪಂದ್ಯದ ಉದ್ಘಾಟನೆಗೆ ಸೆಕ್ರೆಟರಿ ಸಾಹೇಬರು (ಅವರೇ, ಇನ್ನೂ ಅವರೇ) ಪೂಜೆಯ ಕೋಲೊಂದನ್ನು ಎತ್ತಿಕೊಂಡರು. ಎಲ್ಲರೂ ತಂತಮ್ಮ ಕೋಲು ತರುತ್ತಿದ್ದುದರಿಂದ ಇಷ್ಟು ವರ್ಷ ಅವುಗಳನ್ನು ಯಾರೂ ಆಟಕ್ಕೆ ಮುಟ್ಟಿರಲಿಲ್ಲ. ಕಿತ್ತೂರು, ರಾಮದುರ್ಗದಿಂದ ಬಂದವರೆಲ್ಲ ಚಪ್ಪಾಳೆಗೆ ಕೈ ಎತ್ತಿದ್ದರು. ಟಕ್ ಎಂದಿತು. ಬಿಳಿ ಚೆಂಡು ಟೇಬಲ್ ಹಾರಿ ನೆಲಕ್ಕುರುಳಿ, ಸೀದಾ ಮಾಸ್ತರರ ಕುರ್ಚಿಯ ಕೆಳಗೆ ಹೋಯಿತು. ಮಾಸ್ತರರು ಬಗ್ಗಿ ಅದನ್ನು ಎತ್ತಿಕೊಟ್ಟರು. “ಸಾಹೇಬ್ರ, ಕೈ ನಡಗತೇನ್ರಿ?”

ಇಡೀ ಕೋಣೆ ನಕ್ಕಿತು. ನಾನು ನಗಲಿಲ್ಲ, ಎದ್ದು ಟೇಬಲ್ಲಿನ ಹತ್ತಿರ ಹೋದೆ. ಹೌದು, ಈಗ ನಾನೂ ಆ ಕ್ಲಬ್ಬಿನ ಸದಸ್ಯೆ, ಹೆಣ್ಣುಮಕ್ಕಳಿಗೂ ಟೇಬಲ್ ತೆರೆದಿದೆ. ಅವರ ಕೈಯ ಕೋಲು ತೆಗೆದುಕೊಂಡು ಎಲ್ಲರೆದುರು ಚಾಕ್ ಹಚ್ಚಿದೆ. ಎಣ್ಣೆಗೆ ಕಪ್ಪಾಗಿದ್ದ ಟಿಪ್ಪಿನ ಮೇಲೆ ಅದು ಉಂಡೆಯುಂಡೆಯಾಗಿ ಉದುರಿತು. ಆಮೇಲೆ ನನ್ನ ಕೋಲಿಗೆ ಹಚ್ಚಿ ತೋರಿಸಿದೆ. ನೀಲಿ ಪುಡಿ ಸಮನಾಗಿ ಕೂತಿತು. ಸೆಕ್ರೆಟರಿ ಸಾಹೇಬರು ಟಿಪ್ಪನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಸಿ ನೋಡಿ, “ಕೊಬ್ರಿ ಎಣ್ಣಿ” ಎಂದರು, ತಮಗೇ ಎಂಬಂತೆ.

ದೀಪಾವಳಿಗೆ ಕ್ಲಬ್ಬಿನಲ್ಲಿ ಮತ್ತೆ ಕೋಲುಗಳನ್ನು ಪೂಜೆಗಿಟ್ಟಾಗ ನಾನೊಂದು ಕೆಲಸ ಮಾಡಿದೆ. ನೀವಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಕುಪ್ಪಸ ಹೊಲಿದು ಉಳಿದಿದ್ದ ಖಣದ ತುಂಡುಗಳಿಂದ ಪ್ರತಿ ಕೋಲಿನ ತುದಿಗೂ ಒಂದೊಂದು ಟೊಪ್ಪಿಗೆ ಹೊಲಿದೆ! ಅವನ್ನು ತೊಡಿಸಿಟ್ಟು, ಹೂವು ಕುಂಕುಮವನ್ನು ಬುಡಕ್ಕೇರಿಸಿ ಪೂಜೆ ಮಾಡಿದರು. ಎಣ್ಣೆ ಕುಡಿದ ಟಿಪ್ಪುಗಳನ್ನೆಲ್ಲ ಕಿತ್ತು ನಡುವಿನ ಜಾತಿಯವನ್ನು ಅಂಟಿಸಿದ್ದೇವೆ. ಗೋಡೆಗೆ ಪಾಲಿಶ್ ಪೇಪರ್ ತೂಗುಹಾಕಿದೆ. ಮೊನ್ನೆ ಕಿತ್ತೂರಿನ ಹುಡುಗಿಯೊಬ್ಬಳು ಇನ್ನೊಬ್ಬಳಿಗೆ “ವಿಭೂತಿ ಹಚ್ಚಿದಂಗ ಎಳಿ” ಎನ್ನುತ್ತಿದ್ದಳು. ನಿಮ್ಮ ಮಾತು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ.

ಟೊಪ್ಪಿಗೆ ತೊಡಿಸುವಾಗ ಸೆಕ್ರೆಟರಿ ಸಾಹೇಬರು ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಹೇಳಿದರು: “ಅಂದು ನಿಮ್ಮ ಮಾಮಾಂದು ತಪ್ಪಿರಲಿಲ್ಲ ಬಿಡ್ರಿ ಅಕ್ಕಾರ. ನಂಗ ಈಗ ತಿಳೀತು.” ಹೇಳುವಾಗ ಅವರ ಕಣ್ಣು ಕೆಳಗಿತ್ತು, ಮಾತು ಮನಸ್ಸಿನಿಂದಲೇ ಬಂದಿತ್ತು. ನಾನಂದೆ, “ನನ್ನ ಕಿವ್ಯಾಗ ಯಾಕ ಹೇಳ್ತೀರಿ? ಊರಿಗೆ ಹೇಳಿದ್ದು ಹಲಿಗಿ ಮ್ಯಾಲೆ ಅಲ್ಲೇನ್ರಿ?” ಅವರು ಬರುವ ರವಿವಾರದ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಲು ಒಪ್ಪಿದ್ದಾರೆ, ಮಾಮಾ. ಮಾಸ್ತರರೂ ರಾಮದುರ್ಗದಿಂದ ಬರುತ್ತಾರೆ. ಈ ಪತ್ರವನ್ನು ನಾನು ಅಲ್ಲಿ ಎದ್ದು ನಿಂತು ಓದುತ್ತೇನೆ.

ಓದಿ ಮುಗಿಸಿ ಸೆಕ್ರೆಟರಿ ಸಾಹೇಬರನ್ನು ಕೇಳುವುದಿಷ್ಟೇ: ಆ ದಿನ ಬಟ್ಟೆ ಹರಿದದ್ದು ನನ್ನ ಮಾಮಾನ ಕೈಯಿಂದಲೋ, ನೀವು ಟಿಪ್ಪಿಗೆ ಸವರಿದ ಎಣ್ಣೆಯಿಂದಲೋ? ಸೆಕ್ರೆಟರಿ ಸಾಹೇಬರೇ, ಉತ್ತರವನ್ನು ಬಾಯಲ್ಲಿ ಹೇಳಬೇಡಿ. ಬಾಗಿಲ ಪಕ್ಕದ ಅದೇ ಹಲಗೆಯ ಮೇಲೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅವರ ಹೆಸರು ಸಮೇತ, ಊರೆಲ್ಲ ಓದುವಂತೆ ಬರೆಯಿರಿ.